ಮೋತಿಯ ಕಿವಿ

ನಡುರಾತ್ರಿಯಲ್ಲಿ ನಾಯಿ ತಲೆ ಕೊಡವುವ ಸದ್ದನ್ನು ಕೇಳಿದವರಿಗೆ ಅದರ ವರ್ಣನೆ ಬೇಕಾಗಿಲ್ಲ. ಕೇಳದವರಿಗೆ ಎಷ್ಟು ವರ್ಣಿಸಿದರೂ ಸಾಲದು. ಒದ್ದೆ ಪಂಚೆಯನ್ನು ಯಾರೋ ಒಗೆಯುವ ಕಲ್ಲಿಗೆ ಬಡಿದಂತೆ ಪಟಪಟನೆ ಏಳುವ ಆ ಸದ್ದು ನಿಂತಿತೆಂದು ಕಣ್ಣು ಮುಚ್ಚುವಷ್ಟರಲ್ಲಿ ಹಿಂಗಾಲಿನಿಂದ ಕಿವಿ ಕೆರೆದುಕೊಳ್ಳುವ ಸದ್ದು. ಅದರ ಬೆನ್ನಿಗೇ ಸಣ್ಣದೊಂದು ನರಳಿಕೆ. ಭದ್ರಾವತಿಯ ಜನ್ನಾಪುರದ ಒಂದು ಹೆಂಚಿನ ಮನೆಯಲ್ಲಿ ಮೂರು ಮಳೆಗಾಲ ಈ ಸದ್ದೇ ರಾತ್ರಿಯ ಗಡಿಯಾರವಾಗಿದ್ದಿತು.

ಆ ಮನೆಯ ಯಜಮಾನರನ್ನು ಬೀದಿಯವರು ಕರೆಯುತ್ತಿದ್ದುದು ‘ಗುಳಿಗೆ ಅಜ್ಜ’ ಎಂದು. ನೌಕರಿಯಲ್ಲಿದ್ದಷ್ಟು ಕಾಲ ಅವರು ಗುಳಿಗೆಗಿಂತ ಗಟ್ಟಿಯಾದ ವಸ್ತುವಿನೊಡನೆ ವ್ಯವಹರಿಸಿದವರು. 1923ರಲ್ಲಿ ಮೊದಲ ಕಬ್ಬಿಣ ಹರಿದ ಭದ್ರಾವತಿಯ ಕಾರ್ಖಾನೆಯ ಪ್ರಯೋಗಶಾಲೆಯಲ್ಲಿ ಅವರಿಗೆ ಕೆಲಸ. ಕರಗಿದ ಲೋಹದ ನಮೂನೆ ಬಂದರೆ ಅದರಲ್ಲಿ ಇಂಗಾಲವೆಷ್ಟು, ಗಂಧಕವೆಷ್ಟು, ರಂಜಕವೆಷ್ಟು ಎಂದು ಲೆಕ್ಕ ಹಿಡಿದು ಹೇಳಬೇಕು. ಗಂಧಕ ನೂರರಲ್ಲಿ ಒಂದು ಪಾಲಿನ ಹತ್ತನೆಯ ಒಂದಂಶ ಹೆಚ್ಚಿದ್ದರೂ ಉಕ್ಕು ಕಾದಾಗ ಬಿರಿಯುತ್ತದೆ. “ಬಣ್ಣ ನೋಡಿ ಹೇಳುವವನು ಕಮ್ಮಾರ, ನಮೂನೆ ನೋಡಿ ಹೇಳುವವನು ಕೆಮಿಸ್ಟು” ಎಂಬುದು ಅವರು ಕಿರಿಯರಿಗೆ ಹೇಳುತ್ತಿದ್ದ ಮಾತು.

ಇಂಥವರ ಮನೆಯ ಗೋಡೆಯ ಗೂಡಿನಲ್ಲಿ ಹೋಮಿಯೋಪತಿಯ ಮರದ ಪೆಟ್ಟಿಗೆಯೊಂದು ಬಂದು ಕುಳಿತುದು ಹೇಗೆಂದರೆ, ಬಹಳ ಮನೆಗಳಲ್ಲಿ ಬಂದು ಕುಳಿತ ಹಾಗೆಯೇ. ಮೊದಲ ಮಗುವಿಗೆ ಹೊಟ್ಟೆನೋವು ಬಂದಿತು, ಯಾರೋ ಸಕ್ಕರೆ ಗುಳಿಗೆ ಕೊಟ್ಟರು, ನೋವು ಇಳಿಯಿತು. ಇಳಿಯುವ ನೋವೇ ಆಗಿದ್ದಿರಬಹುದು. ಆದರೆ ಅಳುವ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ರಾತ್ರಿಯೆಲ್ಲ ತಿರುಗಿದ ತಂದೆಗೆ ಅಂಥ ತರ್ಕ ಹೊಳೆಯುವುದಿಲ್ಲ. ಅಂದಿನಿಂದ ಪುಸ್ತಕ ತರಿಸಿ ಓದಿದರು, ಪೆಟ್ಟಿಗೆ ತರಿಸಿದರು, ಬೀದಿಯವರಿಗೆಲ್ಲ ಕೊಟ್ಟರು. ಒಂದು ಕಾಸನ್ನೂ ಪಡೆಯಲಿಲ್ಲ.

ಕನ್ನಡನಾಡಿನಲ್ಲಿ ಈ ವೈದ್ಯಕ್ಕೆ ದೊಡ್ಡ ಹೆಸರು ತಂದವರು ಜರ್ಮನಿಯ ಜೆಸುಯಿಟ್ ಪಾದ್ರಿ ಅಗಸ್ಟಸ್ ಮುಲ್ಲರ್. 1880ರಲ್ಲಿ ಅವರು ಮಂಗಳೂರಿನ ಕಂಕನಾಡಿಯಲ್ಲಿ ಬಡವರಿಗಾಗಿ ತೆರೆದ ಸಣ್ಣ ಔಷಧಶಾಲೆ ಮುಂದೆ ದೊಡ್ಡ ಆಸ್ಪತ್ರೆಯಾಗಿ ಬೆಳೆಯಿತು. ಇದರ ಮೂಲಪುರುಷ ಹಾನಿಮನ್‌ನಾದರೋ 1796ರಲ್ಲಿ ತನ್ನ ತತ್ತ್ವವನ್ನು ಪ್ರಕಟಿಸಿದಾತ. ಯಾವ ವಸ್ತು ಆರೋಗ್ಯವಂತನಲ್ಲಿ ಒಂದು ಬಗೆಯ ಬಾಧೆಯನ್ನು ಹುಟ್ಟಿಸುವುದೋ ಅದೇ ವಸ್ತು, ಅತ್ಯಲ್ಪವಾಗಿ ಕೊಟ್ಟರೆ, ರೋಗಿಯಲ್ಲಿ ಅದೇ ಬಾಧೆಯನ್ನು ಕಳೆಯುವುದೆಂಬುದು ಅವನ ಮತ. ರೋಗಿಯ ರಕ್ತವನ್ನು ಬಸಿಯುವುದೇ ಚಿಕಿತ್ಸೆಯಾಗಿದ್ದ ಆ ಕಾಲದಲ್ಲಿ, ಏನನ್ನೂ ಕೆಡಿಸದ ಗುಳಿಗೆ ದೊಡ್ಡ ಉಪಕಾರವೆನಿಸಿದುದು ಸಹಜ. ಪ್ರಾಣಿಗಳೂ ಇದರಿಂದ ಹೊರಗುಳಿಯಲಿಲ್ಲ. ಲೈಪ್ಜಿಗ್ ನಗರದ ಪಶುವೈದ್ಯ ಲಕ್ಸ್ 1833ರ ವೇಳೆಗಾಗಲೇ ಈ ಪದ್ಧತಿಯನ್ನು ದನ, ಕುದುರೆಗಳ ರೋಗಗಳ ಕಡೆಗೆ ಎಳೆದು ತಂದು ಗ್ರಂಥ ಬರೆದಿದ್ದನು.

ಹೀಗಿರುವಲ್ಲಿ ಮೋತಿಯ ಕಿವಿ ಸೋರಲು ಆರಂಭಿಸಿದಾಗ ಅಜ್ಜ ಪೆಟ್ಟಿಗೆಯ ಮುಚ್ಚಳ ತೆರೆದುದರಲ್ಲಿ ಆಶ್ಚರ್ಯವೇನೂ ಇಲ್ಲ. ಲ್ಯಾಬ್ರಡಾರ್ ತಾಯಿಗೂ ಬೀದಿಯ ತಂದೆಗೂ ಹುಟ್ಟಿದ ಮೋತಿಗೆ ತಾಯಿಯಿಂದ ಬಂದುದು ಜೋಲುಕಿವಿ, ತಂದೆಯಿಂದ ಬಂದುದು ಊರೆಲ್ಲ ಸುತ್ತುವ ಚಪಲ. ಕಿವಿಯೊಳಗೆ ಕಂದುಬಣ್ಣದ ಜಿಡ್ಡು, ಹುಳಿಹಿಟ್ಟಿನಂಥ ವಾಸನೆ. ಪುಸ್ತಕದಲ್ಲಿ ಇದಕ್ಕೆ ಔಷಧಗಳ ಬಡತನವಿಲ್ಲ. ಕೀವು ಗಟ್ಟಿಯಾಗಿ ಹಳದಿಯಾಗಿದ್ದರೆ ಪಲ್ಸಟಿಲ್ಲ. ಮುಟ್ಟಿದರೆ ಸಹಿಸದಿದ್ದರೆ ಹೆಪಾರ್ ಸಲ್ಫ್. ಅಂಟಂಟಾಗಿ ಜೇನಿನಂತಿದ್ದರೆ ಗ್ರಫೈಟಿಸ್. ಹಳೆಯದಾಗಿ ಮತ್ತೆ ಮತ್ತೆ ಮರಳುವುದಾದರೆ ಸಲ್ಫರ್. ಮೂರು ವರ್ಷಗಳಲ್ಲಿ ಮೋತಿ ಇವೆಲ್ಲವನ್ನೂ ರುಚಿ ನೋಡಿತು. ಗುಳಿಗೆ ಸಿಹಿಯಾದುದರಿಂದ ಬೆಳಿಗ್ಗೆ ಎದ್ದೊಡನೆ ಗೂಡಿನ ಕೆಳಗೆ ತಾನೇ ಹೋಗಿ ಕುಳಿತಿರುತ್ತಿತ್ತು.

ಸಂದೇಹ ಪಟ್ಟವರಿಗೆ ಅಜ್ಜನ ಬಳಿ ಒಂದು ಬ್ರಹ್ಮಾಸ್ತ್ರವಿದ್ದಿತು. “ಮನುಷ್ಯನಿಗೆ ಗುಣವಾದರೆ ನಂಬಿಕೆಯಿಂದ ಎನ್ನುತ್ತೀರಿ. ಈ ಮೂಕಪ್ರಾಣಿಗೆ ಯಾವ ನಂಬಿಕೆ? ಇದಕ್ಕೆ ಹಾನಿಮನ್ ಗೊತ್ತೆ?” ಎಂದು ಅವರು ಕೇಳಿದರೆ ಎದುರಿಗಿದ್ದವರು ಮಾತಿಲ್ಲದೆ ಕಾಫಿ ಕುಡಿದು ಎದ್ದು ಹೋಗುತ್ತಿದ್ದರು.

ಮಾತು ಅರ್ಧ ನಿಜ. ನಾಯಿಗೆ ನಂಬಿಕೆಯಿಲ್ಲ. ಆದರೆ ‘ಇಂದು ಸ್ವಲ್ಪ ಮೇಲು’ ಎಂದು ಹೇಳುವುದು ನಾಯಿಯಲ್ಲವಷ್ಟೆ! ಹೇಳುವವನು ಯಜಮಾನ, ನಂಬಿಕೆಯಿರುವುದು ಅವನಲ್ಲಿ. ಅಮೆರಿಕದಲ್ಲಿ 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಕುಂಟುವ ನಾಯಿಗಳಿಗೆ ಔಷಧವಿಲ್ಲದ ಹುಸಿ ಮಾತ್ರೆಯನ್ನಷ್ಟೇ ಕೊಟ್ಟು, ಅವು ಹೆಜ್ಜೆಯೂರುವ ಭಾರವನ್ನು ಯಂತ್ರದಿಂದ ಅಳೆದರು. ಯಂತ್ರದ ಲೆಕ್ಕದಲ್ಲಿ ಬದಲಾವಣೆಯಿಲ್ಲದಿದ್ದಾಗಲೂ ಎಷ್ಟೋ ಯಜಮಾನರಿಗೆ, ಅಷ್ಟೇಕೆ, ಪಶುವೈದ್ಯರಿಗೂ ನಾಯಿ ಚೆನ್ನಾಗಿ ನಡೆಯುತ್ತಿರುವಂತೆ ಕಂಡಿತಂತೆ. ಪ್ರೀತಿಯುಳ್ಳ ಕಣ್ಣು ತನಗೆ ಬೇಕಾದುದನ್ನು ಬೇಗ ಕಾಣುತ್ತದೆ.

ಇದರ ಮೇಲೆ ಋತುಮಾನದ ಆಟ ಬೇರೆ. ಮಾಘ, ಫಾಲ್ಗುಣಗಳ ಒಣಹವೆಯಲ್ಲಿ ಮೋತಿಯ ಕಿವಿ ತಾನಾಗಿಯೇ ಒಣಗುತ್ತಿತ್ತು. ಆಗ ಕೀರ್ತಿ ಗುಳಿಗೆಗೆ. ಆಷಾಢದ ಮಳೆ ಹಿಡಿದೊಡನೆ ಮತ್ತೆ ಸೋರುತ್ತಿತ್ತು. ಆಗ ದೋಷ ಮಳೆಗೆ. ಹೀಗೆ ಲೆಕ್ಕವಿಟ್ಟರೆ ಯಾವ ಔಷಧ ತಾನೇ ಸೋತೀತು? ನಿಜವಾಗಿ ಏನಾದರೂ ಉಪಕಾರವಾಗಿದ್ದರೆ ಅದು ಮನೆಯಾಕೆಯಿಂದ. ಆಕೆ ದಿನವೂ ಹಳೆಯ ಹತ್ತಿಸೀರೆಯ ತುಂಡಿನಿಂದ ಕಿವಿಯ ಹೊರಭಾಗವನ್ನು ಒರೆಸುತ್ತಿದ್ದರು. ಆ ಕೆಲಸಕ್ಕೆ ಪುಸ್ತಕದಲ್ಲಿ ಹೆಸರಿರಲಿಲ್ಲ.

ಮೊದಲು ಗಮನಿಸಿದವರೂ ಆಕೆಯೇ. ಹಾಲಿನವನ ಸೈಕಲ್ ಗಂಟೆ ಬೀದಿಯ ತಿರುವಿನಲ್ಲಿರುವಾಗಲೇ ಬಾಗಿಲಿಗೆ ಓಡುತ್ತಿದ್ದ ಮೋತಿ, ಆ ವರ್ಷ ಅವನು ಜಗುಲಿ ಹತ್ತಿ ಪಾತ್ರೆ ಕೇಳಿದರೂ ಮಲಗಿಯೇ ಇದ್ದಿತು. “ಏನೂಂದ್ರೆ, ಇದಕ್ಕೆ ಕಿವಿ ಕೇಳಿಸ್ತಾ ಇಲ್ಲ” ಎಂದರು. “ವಯಸ್ಸಾಯ್ತು ಕಣೇ, ಸೋಮಾರಿತನ” ಎಂದರು ಅಜ್ಜ. ಅದಾದ ವಾರದೊಳಗೆ ಒಂದು ಸಂಜೆ ಹಿಂದಿನಿಂದ ಆಟೋ ಬಂದಿತು. ಚಾಲಕ ಹಾರನ್ ಒತ್ತಿದ, ಅಜ್ಜ ಕೂಗಿದರು, ಮೋತಿ ಬೀದಿಯ ನಡುವಿನಿಂದ ಕದಲಲಿಲ್ಲ. ಗಾಲಿ ಒಂದು ಗೇಣು ದೂರದಲ್ಲಿ ನಿಂತಿತು. ಅಂದು ರಾತ್ರಿ ಅಜ್ಜ ಊಟ ಮಾಡಲಿಲ್ಲ. ಮರುದಿನ ಅದೇ ಆಟೋವನ್ನು ಕರೆಸಿ, ಮೋತಿಯನ್ನು ಕಾಲ ಬಳಿ ಕೂರಿಸಿಕೊಂಡು ಶಿವಮೊಗ್ಗದ ವಿನೋಬಾನಗರದಲ್ಲಿರುವ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೊರಟರು.

ಅಲ್ಲಿದ್ದ ಡಾಕ್ಟರು ಮೊಮ್ಮಗಳ ವಯಸ್ಸಿನ ಹುಡುಗಿ. ದೀಪವಿರುವ ಕೊಳವೆಯಿಂದ ಕಿವಿಯೊಳಗೆ ಇಣುಕಿದಳು. ಆಮೇಲೆ ಹತ್ತಿ ಸುತ್ತಿದ ಕಡ್ಡಿಯಿಂದ ಜಿಡ್ಡನ್ನು ತೆಗೆದು, ಗಾಜಿನ ತುಂಡಿನ ಮೇಲೆ ಉರುಳಿಸಿ, ಬಣ್ಣದ ದ್ರವಗಳಲ್ಲಿ ಅದ್ದಿ, ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಅಜ್ಜ ತಮಗರಿಯದೆಯೇ ಎದ್ದು ಹತ್ತಿರ ಹೋದರು. ಅವರು ಕಾರ್ಖಾನೆಯಲ್ಲಿ ಆಯುಷ್ಯವೆಲ್ಲ ಮಾಡಿದುದು ಇದನ್ನೇ.

“ನಮೂನೆ ತೆಗೆದಿರೇನಮ್ಮ?” ಎಂದರು.

“ಹೌದು ಯಜಮಾನ್ರೇ. ನಮೂನೆ ನೋಡದೆ ಔಷಧ ಹೇಗೆ ಹೇಳೋದು? ಬನ್ನಿ, ನೀವೂ ನೋಡಿ.”

ಅಜ್ಜ ಕಣ್ಣಿಟ್ಟು ನೋಡಿದರು. ಕಡಲೆಕಾಯಿಯ ಆಕಾರದ ನೇರಿಳೆ ಕಣಗಳು ರಾಶಿರಾಶಿಯಾಗಿ ಬಿದ್ದಿದ್ದವು. ಮ್ಯಾಲಸೀಜಿಯ ಎಂಬ ಯೀಸ್ಟ್ ಅದು, ಎಂದು ಹುಡುಗಿ ವಿವರಿಸಿದಳು. ಆರೋಗ್ಯವಂತ ನಾಯಿಯ ಚರ್ಮದಲ್ಲಿಯೂ ಇರುತ್ತದೆ. ತೇವ, ಜಿಡ್ಡು, ಬಿಸುಪು ಸಿಕ್ಕರೆ ಉಕ್ಕಿ ಬೆಳೆಯುತ್ತದೆ. ನಾಯಿಯ ಕಿವಿಯ ನಾಳ ಮನುಷ್ಯನದರಂತೆ ನೇರವಲ್ಲ. ಬಾವಿಯಂತೆ ಕೆಳಗಿಳಿದು, ಅಲ್ಲಿಂದ ಸುರಂಗದಂತೆ ಒಳಕ್ಕೆ ತಿರುಗುತ್ತದೆ. ಅದರ ಮೇಲೆ ಜೋಲುಕಿವಿ ಮುಚ್ಚಳ ಹಾಕಿದರೆ ಗಾಳಿಯಾಡುವುದೆಂತು? ಆದರೂ ಯೀಸ್ಟ್ ಮೂಲಕಾರಣವಲ್ಲ, ಬಂದು ಸೇರಿಕೊಂಡ ಬಾಡಿಗೆದಾರ. ಮೂಲದಲ್ಲಿ ಬಹಳ ವೇಳೆ ಇರುವುದು ಚರ್ಮದ ಅಲರ್ಜಿ, ತಿಂದ ಆಹಾರದಿಂದಲೋ ಧೂಳು, ಪರಾಗಗಳಿಂದಲೋ ಬರುವಂಥದು. ಕೆಲವೊಮ್ಮೆ ಕಿವಿಯ ನುಸಿ, ಹುಲ್ಲಿನ ಮುಳ್ಳು, ಥೈರಾಯ್ಡ್ ಗ್ರಂಥಿಯ ದೋಷವೂ ಉಂಟು. ಅದನ್ನು ಹುಡುಕದಿದ್ದರೆ ಕಿವಿ ವರ್ಷವರ್ಷವೂ ಊದಿ ಊದಿ ನಾಳ ಕಿರಿದಾಗುತ್ತದೆ. ಕಡೆಗೆ ಎಲುಬಿನಂತೆ ಗಟ್ಟಿಯಾಗಿ, ನಾಳವನ್ನೇ ಶಸ್ತ್ರದಿಂದ ತೆಗೆಯಬೇಕಾದೀತು.

“ಬೆಳ್ಳುಳ್ಳಿ ಎಣ್ಣೆ, ಬಿಸಿ ಎಣ್ಣೆ ಏನಾದ್ರೂ ಬಿಟ್ಟಿದ್ರಾ?”

“ಬೀದಿಯವರು ಹೇಳಿದರು. ನಾನು ಬಿಡಗೊಡಲಿಲ್ಲ.”

“ಒಳ್ಳೇದು ಮಾಡಿದ್ರಿ. ತಮಟೆ ಹರಿದಿದ್ದರೆ ಅದು ಒಳಗಿವಿಗೇ ಇಳಿಯೋದು. ಇದರ ತಮಟೆ ಸದ್ಯ ಸರಿಯಾಗಿದೆ. ಮತ್ತೆ ಏನು ಕೊಟ್ಟಿರಿ?”

ಅಜ್ಜ ಹೇಳಿದರು. ಹುಡುಗಿ ನಗಲಿಲ್ಲ. “ಯಾವ ಪೊಟೆನ್ಸಿ?” ಎಂದು ಮಾತ್ರ ಕೇಳಿದಳು. “ಮೂವತ್ತು” ಎಂದರು. ಹೇಳುತ್ತಿರುವಂತೆಯೇ, ಎಂದೂ ಮಾಡದಿದ್ದ ಲೆಕ್ಕವೊಂದು ಅವರ ತಲೆಯಲ್ಲಿ ತಾನಾಗಿ ನಡೆಯಿತು. ನೂರರಲ್ಲಿ ಒಂದು ಪಾಲು, ಅದರ ನೂರರಲ್ಲಿ ಒಂದು, ಹೀಗೆ ಮೂವತ್ತು ಬಾರಿ. ಒಂದರ ಮುಂದೆ 60 ಸೊನ್ನೆ. ಹನ್ನೆರಡನೆಯ ಹೆಜ್ಜೆಯನ್ನು ದಾಟುವುದರೊಳಗೆ ಮೂಲವಸ್ತುವಿನ ಒಂದು ಅಣುವೂ ಉಳಿದಿರುವ ಭರವಸೆಯಿಲ್ಲ. ಗಂಧಕದ ಲವಲೇಶಕ್ಕಾಗಿ ಲೋಹವನ್ನು ಸೋಸಿ ನೋಡಿದ ಮನುಷ್ಯ, ತನ್ನ ಸಲ್ಫರ್ ಸೀಸೆಯಲ್ಲಿ ಗಂಧಕ ಉಂಟೆ ಎಂದು ನಲವತ್ತು ವರ್ಷ ಕೇಳಿರಲಿಲ್ಲ.

ಇಂಡಿಯಾದಲ್ಲಿ ಹೋಮಿಯೋಪತಿಗೆ 1973ರಿಂದ ಕಾನೂನಿನ ಮನ್ನಣೆಯುಂಟು; ಪದವಿ ಕೊಡುವ ಕಾಲೇಜುಗಳುಂಟು. ಆಸ್ಟ್ರೇಲಿಯದ ರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಮಂಡಳಿಯಾದರೋ ಮನುಷ್ಯರ ಮೇಲಿನ ಅಧ್ಯಯನಗಳನ್ನೆಲ್ಲ ಪರಿಶೀಲಿಸಿ, ಅದು ಯಾವ ರೋಗಕ್ಕೂ ಫಲಕಾರಿಯೆಂಬುದಕ್ಕೆ ನೆಚ್ಚತಕ್ಕ ಆಧಾರವಿಲ್ಲವೆಂದು 2015ರಲ್ಲಿ ಹೇಳಿತು. ಇಂಗ್ಲೆಂಡಿನ ಪಶುವೈದ್ಯರ ರಾಯಲ್ ಕಾಲೇಜು 2017ರಲ್ಲಿ, ಪ್ರಾಣಿಯ ಕ್ಷೇಮದ ದೃಷ್ಟಿಯಿಂದ ಇಂಥ ಚಿಕಿತ್ಸೆಗಳು ಆಧಾರವುಳ್ಳ ಚಿಕಿತ್ಸೆಯ ಜೊತೆಗಿರಬಹುದೇ ಹೊರತು ಅದರ ಸ್ಥಾನದಲ್ಲಿರಬಾರದೆಂದಿತು. ಸಿಹಿಗುಳಿಗೆಯಿಂದ ಮೋತಿಗೆ ಕೇಡಾಗಲಿಲ್ಲ. ಕೇಡಾದುದು ಗುಳಿಗೆಯನ್ನು ನೆಚ್ಚಿ ಕಳೆದ ಮೂರು ಮಳೆಗಾಲಗಳಿಂದ.

ಕಿವಿ ತೊಳೆಯುವ ದ್ರವ, ಹನಿ ಹಾಕುವ ಔಷಧ, ಎರಡು ವಾರಕ್ಕೊಮ್ಮೆ ಮತ್ತೆ ನಮೂನೆ; ಎರಡು ತಿಂಗಳು ಹಿಂದೆಂದೂ ತಿನ್ನದ ಒಂದೇ ಬಗೆಯ ಆಹಾರ. ಹೀಗೆ ನಡೆದ ಮೇಲೆ ಕೋಳಿಮಾಂಸ ಬಿದ್ದಾಗಲೇ ಕೆರೆತ ಏಳುವುದೆಂಬುದು ಪತ್ತೆಯಾಯಿತು. ಹಿತ್ತಲ ಗೋಡೆಯಾಚೆಯಿಂದ ನೆರೆಮನೆಯವರು ವಾತ್ಸಲ್ಯದಿಂದ ಎಸೆಯುತ್ತಿದ್ದ ತುಂಡುಗಳ ವಿಷಯವೂ ಆಗಲೇ ಹೊರಬಿದ್ದಿತು. ಎಡಗಿವಿಗೆ ಶ್ರವಣ ಬಹುಮಟ್ಟಿಗೆ ಮರಳಿತು. ಬಲಗಿವಿಯ ನಾಳ ದಪ್ಪಗಟ್ಟಿಹೋಗಿತ್ತು, ಅದು ಮರಳಲಿಲ್ಲ. ಈಗ ಮೋತಿ ಹಾಲಿನವನ ಗಂಟೆಯನ್ನು ಕೇಳಿ ಎದ್ದು ನಿಲ್ಲುತ್ತದೆ, ಆದರೆ ಅದು ಯಾವ ದಿಕ್ಕಿನಿಂದ ಬಂದಿತೆಂದು ತಿಳಿಯದೆ ಒಮ್ಮೆ ಹಿತ್ತಲ ಕಡೆಗೂ ನೋಡುತ್ತದೆ. ಅಜ್ಜ ಎದ್ದು ಹೋಗಿ ಅದರ ಕೊರಳನ್ನು ಮೆಲ್ಲನೆ ಬೀದಿಯ ಕಡೆ ತಿರುಗಿಸುತ್ತಾರೆ.

ಪೆಟ್ಟಿಗೆ ಗೂಡಿನಲ್ಲಿಯೇ ಇದೆ. ನೆಗಡಿಯೆಂದು ಬಂದವರಿಗೆ ನಾಲ್ಕು ಗುಳಿಗೆ ಈಗಲೂ ಸಿಗುತ್ತವೆ. ಆದರೆ ಮಗುವಿಗೆ ಕಿವಿನೋವು, ನಾಯಿಗೆ ಕಿವಿಸೋರು ಎಂದು ಯಾರಾದರೂ ಬಂದರೆ ಅಜ್ಜ ಮುಚ್ಚಳ ತೆರೆಯುವುದಿಲ್ಲ. “ಡಾಕ್ಟರಿಗೆ ತೋರಿಸಿದಿರಾ? ನಮೂನೆ ತೆಗೆದರಾ?” ಎಂದು ಕೇಳಿ, ಆಟೋ ಚಾಲಕನ ಫೋನ್ ನಂಬರನ್ನು ಬರೆದುಕೊಡುತ್ತಾರೆ.

ರಾತ್ರಿ ಮನೆ ಈಗ ನಿಶ್ಶಬ್ದ. ಆದರೂ ನಡುರಾತ್ರಿಯ ಹೊತ್ತಿಗೆ ಅಜ್ಜನಿಗೆ ಎಚ್ಚರವಾಗುತ್ತದೆ. ಸದ್ದಿಲ್ಲದಿರುವುದನ್ನು ಕಂಡು ಗಾಬರಿಯಾಗಿ ಎದ್ದು, ಟಾರ್ಚು ಹಿಡಿದು ಹೋಗಿ, ಮೋತಿಯ ಹೊಟ್ಟೆ ಏರಿಳಿಯುತ್ತಿರುವುದನ್ನು ನೋಡಿ ಬಂದು ಮಲಗುತ್ತಾರೆ. “ಇನ್ನೂ ನಿಮ್ಮ ನಮೂನೆ ಪರೀಕ್ಷೆ ಮುಗೀಲಿಲ್ವೆ?” ಎಂದು ಮನೆಯಾಕೆ ಕತ್ತಲಲ್ಲಿಯೇ ಕೇಳುತ್ತಾರೆ.