ಗ್ರನಾಡಾದಲ್ಲಿ ಗಿಟಾರ್ ಕಲಿಯಲು ಹೋದಾಗ

ಸ್ಪೇನ್ ದೇಶ ಎಂದೊಡನೆ ನಮ್ಮ ಕಡೆಯ ಕ್ರೈಸ್ತರಿಗೆ ನೆನಪಾಗುವುದು ಸಂತರು. ಅವಿಲಾದ ಸಂತ ತೆರೇಸಾ, ಲೊಯೋಲಾದ ಸಂತ ಇಗ್ನಾಸಿ, ಗೋವೆಯಲ್ಲಿ ವಿಶ್ರಮಿಸಿರುವ ಸಂತ ಫ್ರಾನ್ಸಿಸ್ ಝೇವಿಯರ್ ಎಲ್ಲರೂ ಆ ನೆಲದವರೇ. ಮಗಳು ಅಲ್ಲಿನ ಗ್ರನಾಡಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದುದರಿಂದ ತಪಸ್ಸುಕಾಲದ ಕೊನೆಯ ಮೂರು ವಾರಗಳನ್ನು ಆ ಊರಿನಲ್ಲಿ ಕಳೆಯುವ ಅವಕಾಶ ನನಗೂ ಒದಗಿತು.

ನನ್ನ ಮನಸ್ಸಿನಲ್ಲಿ ಇನ್ನೊಂದು ಆಸೆಯೂ ಇತ್ತು. ಇಪ್ಪತ್ತೆರಡು ವರ್ಷಗಳಿಂದ ನಮ್ಮ ದೇವಾಲಯದ ಗಾಯನ ಬಳಗದಲ್ಲಿ ಗಿಟಾರ್ ನುಡಿಸುತ್ತಿದ್ದೇನೆ. ಫ್ಲಮೆಂಕೊ ಗಿಟಾರಿನ ತವರಿಗೇ ಹೋಗುತ್ತಿದ್ದೇನಲ್ಲ, ಒಂದೆರಡು ಹೊಸ ವರಸೆ ಕಲಿತು ಬಂದು ಊರಿನವರನ್ನು ಬೆರಗುಗೊಳಿಸಬೇಕು ಎಂಬ ಹುಮ್ಮಸ್ಸು.

ಗ್ರನಾಡಾ ಸ್ಪೇನಿನ ದಕ್ಷಿಣದ ಆಂಡಲೂಸಿಯಾ ಪ್ರಾಂತ್ಯದಲ್ಲಿದೆ. ಒಂದು ಗುಡ್ಡದ ಮೇಲೆ ಮುಸ್ಲಿಂ ಅರಸರು ಕಟ್ಟಿದ ಕೆಂಪು ಕೋಟೆ ಅಲ್ಹಾಂಬ್ರಾ, ಎದುರಿನ ಗುಡ್ಡದಲ್ಲಿ ಅಲ್ಬೈಸಿನ್ ಎಂಬ ಹಳೆಯ ಬಡಾವಣೆ, ಎರಡರ ನಡುವೆ ದಾರ್ರೊ ಎಂಬ ಸಣ್ಣ ಹೊಳೆ. ಹಿನ್ನೆಲೆಯಲ್ಲಿ ಸಿಯೆರಾ ನೆವಾಡಾ ಪರ್ವತದ ಹಿಮ. 1492ರಲ್ಲಿ ಈ ನಗರ ರಾಣಿ ಇಸಾಬೆಲ್ಲಾ ಮತ್ತು ರಾಜ ಫರ್ಡಿನೆಂಡರ ವಶವಾಯಿತು. ಅವರ ಸಮಾಧಿಗಳು ಪ್ರಧಾನಾಲಯದ ಪಕ್ಕದ ರಾಜ ಪ್ರಾರ್ಥನಾಲಯದಲ್ಲಿವೆ.

ಅಲ್ಹಾಂಬ್ರಾಕ್ಕೆ ಏರುವ ಗೋಮೆರೆಸ್ ಎಂಬ ಕಡಿದಾದ ಬೀದಿ ಗಿಟಾರ್ ತಯಾರಕರಿಗೆ ಹೆಸರುವಾಸಿ. ಅಲ್ಲಿನ ಒಂದು ಕಾರ್ಖಾನೆಯೊಳಗೆ ಇಣುಕಿದೆ. ಕಾರ್ಖಾನೆ ಎಂದರೆ ಒಂದೇ ಕೋಣೆ, ನೆಲದ ತುಂಬ ಮರದ ಹೊಟ್ಟು. ಫ್ಲಮೆಂಕೊ ಗಿಟಾರಿನ ಹಿಂಬದಿ ಮತ್ತು ಪಕ್ಕಗಳಿಗೆ ಸಾಂಪ್ರದಾಯಿಕವಾಗಿ ಸೈಪ್ರೆಸ್ ಮರ ಬಳಸುತ್ತಾರೆ. ಹಗುರ ಮರವಾದ್ದರಿಂದ ನಾದ ಚುರುಕಾಗಿ ಚಿಮ್ಮಿ ಬೇಗನೆ ಆರುತ್ತದೆ. ತಂತಿಗಳು ನಮ್ಮ ಗಿಟಾರಿಗಿಂತ ತಗ್ಗಿನಲ್ಲಿರುತ್ತವೆ. ನುಡಿಸುತ್ತಲೇ ಉಂಗುರದ ಬೆರಳಿನಿಂದ ಮುಖದ ಹಲಗೆಗೆ ಕುಟ್ಟುವ ಪದ್ಧತಿ ಇರುವುದರಿಂದ ಮರ ಸವೆಯದಂತೆ ತೆಳುವಾದ ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ. ಆ ಪೆಟ್ಟಿಗೆ 'ಗೋಲ್ಪೆ' ಎಂದು ಹೆಸರು.

ಮಗಳು ವಿಚಾರಿಸಿ ಅಲ್ಬೈಸಿನ್‌ನಲ್ಲಿ ಒಬ್ಬ ಗುರುಗಳನ್ನು ಗೊತ್ತುಮಾಡಿದ್ದಳು. ಎಪ್ಪತ್ತರ ಸಮೀಪದ ಹಿರಿಯರು, ಹಿತಾನೊ ಜನಾಂಗದವರು. ಹಿತಾನೊ ಎಂದರೆ ಸ್ಪೇನಿನ ಜಿಪ್ಸಿಗಳು. ಇವರ ಪೂರ್ವಜರು ಸುಮಾರು ಸಾವಿರ ವರ್ಷಗಳ ಹಿಂದೆ ನಮ್ಮ ಭಾರತದಿಂದಲೇ ಹೊರಟವರು ಎಂದು ಭಾಷಾತಜ್ಞರು ತೋರಿಸಿಕೊಟ್ಟಿದ್ದಾರೆ. ಸ್ಪೇನಿನ ನೆಲದಲ್ಲಿ ಇವರ ಮೊದಲ ದಾಖಲೆ 1425ರದು. ಅಲೆಮಾರಿಗಳೆಂದು ಇವರನ್ನು ಕಾನೂನು ಮಾಡಿ ಕಾಡಿದ್ದುಂಟು. 1749ರಲ್ಲಿ ಒಂದೇ ಬಾರಿಗೆ ಸಾವಿರಾರು ಮಂದಿಯನ್ನು ಹಿಡಿದು ಸೆರೆಗೆ ತಳ್ಳಿದ್ದೂ ಉಂಟು. ಕ್ರೈಸ್ತ ಅರಸರ ಆಳ್ವಿಕೆಯಲ್ಲೇ ಇದು ನಡೆಯಿತೆಂಬುದನ್ನು ನಾವು ಮರೆಯಬಾರದು. ಅದೇ ಜನಾಂಗದ ಸೆಫೆರಿನೊ ಹಿಮೆನೆಸ್ ಮಲ್ಲಾ ಎಂಬವರು 1936ರಲ್ಲಿ ಒಬ್ಬ ಗುರುವಿನ ಪರವಾಗಿ ಮಾತಾಡಿ ಸೆರೆ ಸೇರಿದರು, ಜಪಮಾಲೆ ಬಿಡಲೊಪ್ಪದೆ ಪ್ರಾಣ ಕೊಟ್ಟರು. ಜಗದ್ಗುರು ಎರಡನೇ ಜಾನ್ ಪಾಲ್ 1997ರಲ್ಲಿ ಅವರನ್ನು ಧನ್ಯರೆಂದು ಘೋಷಿಸಿದರು. ಜಿಪ್ಸಿ ಜನಾಂಗದಿಂದ ಆ ಗೌರವ ಪಡೆದ ಮೊದಲಿಗರು ಅವರು.

ಮೊದಲ ದಿನ ನಾನು ಗಿಟಾರ್ ತೆಗೆದೆ. ಗುರುಗಳು ಅದನ್ನು ಗೋಡೆಗೆ ಒರಗಿಸಿಟ್ಟು, "ಚಪ್ಪಾಳೆ ತಟ್ಟಿ" ಎಂದರು. ಹನ್ನೆರಡು ಎಣಿಕೆಯ ಒಂದು ಆವರ್ತ. ಮೂರು, ಆರು, ಎಂಟು, ಹತ್ತು, ಹನ್ನೆರಡನೆಯ ಎಣಿಕೆಗಳಿಗೆ ಒತ್ತು. ಮೊದಲು ಮೂರರ ಎರಡು ಗುಂಪು, ನಂತರ ಎರಡರ ಮೂರು ಗುಂಪು. ಇದು 'ಸೊಲೆಯಾ' ಎಂಬ ಹಾಡಿನ ಬಗೆಯ ನಡೆ. ಈ ತಾಳದ ಆವರ್ತಕ್ಕೆ 'ಕಂಪಾಸ್' ಎನ್ನುತ್ತಾರೆ. ಕಾಗದದ ಮೇಲೆ ಸುಲಭ, ಕೈಗೆ ಬಲು ಕಷ್ಟ. ಎಂಟಕ್ಕೆ ಬರುವಷ್ಟರಲ್ಲಿ ನನ್ನ ಕೈ ತಪ್ಪುತ್ತಿತ್ತು. ಪಕ್ಕದಲ್ಲಿ ಗುರುಗಳ ಏಳು ವರ್ಷದ ಮೊಮ್ಮಗಳು ತಪ್ಪಿಲ್ಲದೆ ತಟ್ಟುತ್ತ ನನ್ನನ್ನು ನೋಡಿ ನಗುತ್ತಿದ್ದಳು! ಎರಡು ದಿನ ಗಿಟಾರ್ ಮುಟ್ಟಲು ಬಿಡಲಿಲ್ಲ.

ಮೂರನೆಯ ದಿನದಿಂದ ಬೆರಳುಗಳ ಪಾಠ. ಇಲ್ಲಿ ಪ್ಲೆಕ್ಟ್ರಮ್ ಇಲ್ಲ, ಬೆರಳು ಮತ್ತು ಉಗುರೇ ಎಲ್ಲ. ಮಡಿಸಿದ ಬೆರಳುಗಳನ್ನು ಕಿರುಬೆರಳಿನಿಂದ ಶುರುಮಾಡಿ ಒಂದೊಂದಾಗಿ, ನೀರು ಕೊಡವಿದಂತೆ ತಂತಿಗಳ ಮೇಲೆ ಬಿಚ್ಚುವುದು 'ರಾಸ್ಗೆಯಾದೊ'. ತೋರುಬೆರಳು ಮತ್ತು ನಡುಬೆರಳಿನಿಂದ ಒಂದಾದ ಮೇಲೊಂದರಂತೆ ಸ್ವರಗಳನ್ನು ಬಿಡಿಸುವುದು 'ಪಿಕಾದೊ'. ಹೆಬ್ಬೆರಳನ್ನು ಕೆಳಗೂ ಮೇಲೂ ಬೀಸುವುದು 'ಅಲ್ಸಾಪೂವಾ'. ಹೊಸಬರಿಗೆ ನಾಲ್ಕು ಎಣಿಕೆಯ 'ತಾಂಗೋಸ್' ಹೇಳಿಕೊಡುತ್ತಾರೆ. ಎ ಮೈನರ್, ಜಿ, ಎಫ್, ಇ ಎಂಬ ನಾಲ್ಕು ಕಾರ್ಡುಗಳ ಇಳಿತ ನಮ್ಮ ಯಾವ ಹುಡುಗನಿಗೂ ಗೊತ್ತಿರುವಂಥದ್ದೇ. ಆದರೆ ಕೊನೆಗೆ 'ಇ'ಯಲ್ಲೇ ಮನೆಗೆ ಬಂದಂತೆ ನಿಲ್ಲುವುದು ಇವರ ವಿಶೇಷ. ಮೆಲ್ಲಗೆ ನುಡಿಸಿ, ಇನ್ನೂ ಮೆಲ್ಲಗೆ ಎಂಬುದೇ ಗುರುಗಳ ಮಂತ್ರ.

ಎರಡನೆಯ ವಾರ ಗುರುಗಳ ಅಕ್ಕ ಬಂದು ಕುಳಿತರು. ಅವರು ಹಾಡಬೇಕು, ನಾನು ನುಡಿಸಬೇಕು. ಗುರುಗಳು ಗಿಟಾರಿನ ಕತ್ತಿಗೆ ಮರದ ಸಣ್ಣ ಹಿಡಿಕೆಯೊಂದನ್ನು ಬಿಗಿದರು. ನಾವು ಕೇಪೋ ಎನ್ನುವುದೇ ಅದು. ಹಾಡುವವರ ಕಂಠ ಎಲ್ಲಿದೆಯೋ ಗಿಟಾರ್ ಅಲ್ಲಿಗೆ ಹೋಗಬೇಕು, ಕಂಠ ಗಿಟಾರಿನ ಬಳಿಗೆ ಬರಬಾರದು ಎಂಬುದು ಇಲ್ಲಿನ ನಿಯಮ. ಹಾಡು ಶುರುವಾಯಿತು. ಹೊಸದಾಗಿ ಕಲಿತ ರಾಸ್ಗೆಯಾದೊ ತೋರಿಸುವ ಉತ್ಸಾಹದಲ್ಲಿ ನಾನು ಬಿಡುವಿಲ್ಲದೆ ಬಾರಿಸಿದೆ. ಅಕ್ಕ ನಡುವೆಯೇ ನಿಲ್ಲಿಸಿದರು. ಗುರುಗಳು ಕೋಪಿಸಿಕೊಳ್ಳಲಿಲ್ಲ. "ಆಕೆ ಹಾಡಿದಾಗ ನೀವು ಏನು ಕೇಳಿಸಿಕೊಂಡಿರಿ?" ಎಂದರು. ಮಗಳು ಅದನ್ನು ಕನ್ನಡದಲ್ಲಿ ಹೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರದ ಬದಲು ನೆನಪಿಗೆ ಬಂದವರು ನಮ್ಮ ಗಾಯನ ಬಳಗದ ಅಜ್ಜಿ. ನಾಲ್ವತ್ತು ವರ್ಷ ಪೂಜೆಯಲ್ಲಿ ಹಾಡಿದವರು. "ನಿನ್ನ ಶ್ರುತಿ ನನಗೆ ಎತ್ತರ ಆಗುತ್ತದಪ್ಪ" ಎಂದು ಎರಡು ಬಾರಿ ಹೇಳಿದ್ದರು. ನಾನು ಆಂಪ್ಲಿಫೈಯರ್ ಸದ್ದು ಏರಿಸಿದೆನೇ ಹೊರತು ಶ್ರುತಿ ಇಳಿಸಲಿಲ್ಲ. ಆಮೇಲೆ ಅವರು ಹಿಂದಿನ ಬೆಂಚಿನಲ್ಲಿ ಕೂರತೊಡಗಿದರು. ವಯಸ್ಸಾಯಿತು ಎಂದು ನಾವೆಲ್ಲ ಸುಮ್ಮನಾದೆವು.

ಪವಿತ್ರ ಬುಧವಾರ ರಾತ್ರಿ ಗುರುಗಳು ನಮ್ಮನ್ನು ಸಾಕ್ರೊಮೊಂತೆ ಗುಡ್ಡಕ್ಕೆ ಕರೆದೊಯ್ದರು. ಹಿತಾನೊಗಳು ತಲೆಮಾರುಗಳಿಂದ ಬಾಳಿದ, ಸುಣ್ಣ ಬಳಿದ ಗುಹೆಮನೆಗಳ ಗುಡ್ಡ ಅದು. ಶಿಲುಬೆಗೇರಿದ ಸ್ವಾಮಿಯ ಸ್ವರೂಪವನ್ನು ಹೊತ್ತು ಮೆರವಣಿಗೆ ಮೇಲಿನ ಮಠದತ್ತ ಏರುತ್ತದೆ. ಜನರು ಆ ಸ್ವರೂಪವನ್ನು 'ಹಿತಾನೊಗಳ ಕ್ರಿಸ್ತ' ಎಂದೇ ಕರೆಯುತ್ತಾರೆ. ದಾರಿಯುದ್ದಕ್ಕೂ ಬೆಂಕಿ ಉರಿಯುತ್ತಿತ್ತು. ಒಂದು ತಿರುವಿನಲ್ಲಿ ಹೊತ್ತವರು ನಿಂತರು. ಗುಂಪಿನೊಳಗಿಂದ ಒಬ್ಬ ಹೆಂಗಸು 'ಸಾಯೆತಾ' ಎತ್ತಿದಳು. ಯೇಸುಸ್ವಾಮಿಯ ಪಾಡನ್ನು ನೆನೆದು ಸ್ವರೂಪದ ಎದುರು ಒಬ್ಬರೇ ಹಾಡುವ ಹಾಡು ಅದು. ಅದಕ್ಕೆ ಗಿಟಾರ್ ಇಲ್ಲ. ಬರೀ ಕಂಠ. ಐವತ್ತು ವರ್ಷ ಗಿಟಾರ್ ನುಡಿಸಿದ ಗುರುಗಳು ಟೊಪ್ಪಿಗೆ ತೆಗೆದು, ಎರಡೂ ಕೈ ಕಟ್ಟಿ ತಲೆ ಬಗ್ಗಿಸಿ ನಿಂತಿದ್ದರು.

ಪುನರುತ್ಥಾನದ ಹಬ್ಬ ಅಲ್ಲಿಯೇ ಮುಗಿಸಿ ಊರಿಗೆ ಬಂದೆ. ರಾಸ್ಗೆಯಾದೊ ಇನ್ನೂ ಸರಿಯಾಗಿ ಬರುವುದಿಲ್ಲ. ಬಂದ ಶನಿವಾರವೇ ಗಿಟಾರ್ ಹಿಡಿದು ಅಜ್ಜಿಯ ಮನೆಗೆ ಹೋದೆ. "ಅಜ್ಜಿ, ನನ್ನಿಂದ ತಪ್ಪಾಯಿತು. ನಿಮಗೆ ಯಾವ ಶ್ರುತಿ ಬೇಕು ಹೇಳಿ" ಎಂದೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡು, "ನನಗೆ ಶ್ರುತಿಗಿತಿ ಗೊತ್ತಿಲ್ಲಪ್ಪ. ನಾನು ಹಾಡ್ತೀನಿ, ನೀನು ಹಿಂದೆ ಬಾ" ಎಂದರು.

ಮಾತೆ ಮರಿಯಮ್ಮನ ಹಳೆಯ ಹಾಡೊಂದನ್ನು ಮೆಲ್ಲಗೆ ಎತ್ತಿದರು. ಕಂಠ ನಡುಗುತ್ತಿತ್ತು. ಮೊದಲ ಚರಣ ಮುಗಿಯುವವರೆಗೆ ನಾನು ತಂತಿ ಮುಟ್ಟದೆ ಕೇಳಿದೆ. ಆಮೇಲೆ ಕೇಪೋ ಹುಡುಕಿದೆ.