ಗಾಳಿಯ ಶಿಳ್ಳೆ

ಕೆಲವು ವರ್ಷಗಳ ಹಿಂದಿನ ಮಾತು. ಜೂನ್ ತಿಂಗಳ ಒಂದು ಸಂಜೆ ಕುಂಬಳೆಯ ಕಡಲ ಬದಿಯ ಒಂದು ಮನೆಗೆ ಹೋಗಿದ್ದೆ. ಮನೆಯ ಯಜಮಾನರು ತೀರಿಕೊಂಡು ತಿಂಗಳಾಗಿತ್ತು. "ಫಾದರ್, ರಾತ್ರಿ ಅವರ ಕೋಣೆಯಲ್ಲಿ ಯಾರೋ ಶಿಳ್ಳೆ ಹಾಕಿದ ಹಾಗೆ ಕೇಳುತ್ತದೆ. ಅವರ ಆತ್ಮಕ್ಕೆ ಶಾಂತಿ ಸಿಕ್ಕಿಲ್ಲವೋ ಏನೋ. ಮನೆ ಆಶೀರ್ವಾದ ಮಾಡಿಕೊಡಿ" ಎಂದು ಆ ತಾಯಿ ಕೇಳಿಕೊಂಡಿದ್ದರು.

ಪ್ರಾರ್ಥನೆ ಹೇಳಿ, ಪವಿತ್ರ ಜಲ ಚಿಮುಕಿಸಿದೆ. ಅಷ್ಟಕ್ಕೇ ಹೊರಟುಬಿಡಬಹುದಿತ್ತು. ಆದರೆ ಕೊಡೆ ಬಿಡಿಸುವಷ್ಟರಲ್ಲಿ ಗಾಳಿ ಜೋರಾಗಿ ಬೀಸಿತು. ಶಿಳ್ಳೆ ನನಗೂ ಕೇಳಿತು. ನಿಜ ಹೇಳುತ್ತೇನೆ, ಒಂದು ಕ್ಷಣ ನನ್ನ ಮೈಯೂ ಜುಂ ಎಂದಿತು.

ಮತ್ತೆ ಆ ಕೋಣೆಗೆ ಹೋದೆ. ಕಿಟಕಿಯ ಮರದ ಬಾಗಿಲು ಮಳೆಗೆ ಉಬ್ಬಿ, ಚೌಕಟ್ಟಿಗೆ ಸರಿಯಾಗಿ ಕೂತಿರಲಿಲ್ಲ. ಬೆರಳು ಹಿಡಿಸದಷ್ಟು ಸಣ್ಣ ಸಂದು. ಅಂಗೈ ಅಡ್ಡ ಇಟ್ಟೆ, ಶಿಳ್ಳೆ ನಿಂತಿತು. ತೆಗೆದೆ, ಪುನಃ ಶುರುವಾಯಿತು. ಆ ತಾಯಿಗೂ ಹಾಗೆಯೇ ಕೈ ಇಟ್ಟು ನೋಡಲು ಹೇಳಿದೆ.

ಇಕ್ಕಟ್ಟಾದ ಸಂದಿನಲ್ಲಿ ಗಾಳಿ ವೇಗವಾಗಿ ನುಗ್ಗುತ್ತದೆ. ಎದುರಿನ ಅಂಚಿಗೆ ಬಡಿದು, ಒಮ್ಮೆ ಆಚೆ ಒಮ್ಮೆ ಈಚೆ ಹೊರಳಿ ಸಣ್ಣ ಸುಳಿಗಳಾಗುತ್ತದೆ. ಸೆಕೆಂಡಿಗೆ ನೂರಾರು ಸುಳಿಗಳು ಒಂದೇ ಲಯದಲ್ಲಿ ಎದ್ದರೆ ನಮ್ಮ ಕಿವಿಗೆ ಅದು ಶಿಳ್ಳೆ. ಕೊಳಲಿನಲ್ಲಿ, ದೊಡ್ಡ ಇಗರ್ಜಿಗಳ ಆರ್ಗನ್ ಕೊಳವೆಯಲ್ಲಿ ನಡೆಯುವುದೂ ಇದೇ.

ಸಂದು ಇರಲೇಬೇಕೆಂದಿಲ್ಲ. ನಮ್ಮ ಕಡಲ ಬದಿಯ ಗಾಳಿಮರಗಳನ್ನು ನೋಡಿ. ಅವುಗಳ ಎಲೆಯಂತೆ ಕಾಣುವ ಕಡ್ಡಿಗಳ ಹಿಂದೆಯೂ ಇಂಥ ಸುಳಿಗಳು ಏಳುತ್ತವೆ. ಗಾಳಿಯ ವೇಗ ಹೆಚ್ಚಿದಂತೆ ಸ್ವರ ಏರುತ್ತದೆ. ಅಡ್ಡ ಬಂದ ವಸ್ತು ದಪ್ಪವಾದಂತೆ ಸ್ವರ ಇಳಿಯುತ್ತದೆ. ಈ ಲೆಕ್ಕವನ್ನು 1878ರಲ್ಲೇ ಸ್ಟ್ರೌಹಾಲ್ ಎಂಬ ಚೆಕ್ ವಿಜ್ಞಾನಿ ತೋರಿಸಿಕೊಟ್ಟರು. ಒಂದು ಮಿಲಿಮೀಟರ್ ದಪ್ಪದ ಕಡ್ಡಿಗೆ ಗಂಟೆಗೆ 18 ಕಿಲೋಮೀಟರ್ ವೇಗದ ಗಾಳಿ ಬಡಿದರೆ ಸೆಕೆಂಡಿಗೆ ಸುಮಾರು ಸಾವಿರ ಕಂಪನ! ಬಿರುಗಾಳಿಗೆ ಶಿಳ್ಳೆ ಏರಿ ಇಳಿದು, ಯಾರೋ ಕರೆದಂತೆ ಕೇಳುವುದು ಅದಕ್ಕೇ.

"ಹಾಗಾದರೆ ಅವರಲ್ಲವಾ, ಫಾದರ್?" ಎಂದರು ಆ ತಾಯಿ.

"ಅಲ್ಲಮ್ಮಾ, ಗಾಳಿ."

ಸೆರಗಿನಿಂದ ಕಣ್ಣೊರೆಸಿಕೊಂಡರು. "ಕತ್ತಲಾದ ಮೇಲೆ ಈ ಕೋಣೆಗೆ ನಾನು ಕಾಲಿಟ್ಟೇ ಇರಲಿಲ್ಲ" ಎಂದು ಗಂಡನ ಮಂಚದ ಮೇಲೆ ನಿಧಾನವಾಗಿ ಕುಳಿತರು. ನಲವತ್ತು ವರ್ಷ ಜೊತೆಗೆ ಬಾಳಿದವರ ಕೋಣೆಯನ್ನೇ ಆ ಹೆದರಿಕೆ ಅವರಿಂದ ಕಿತ್ತುಕೊಂಡಿತ್ತು. ಬರೀ ಪವಿತ್ರ ಜಲ ಚಿಮುಕಿಸಿ ಹೊರಟಿದ್ದರೆ, ಅದೇ ರಾತ್ರಿ ಶಿಳ್ಳೆ ಮತ್ತೆ ಕೇಳುತ್ತಿತ್ತು; ಹೆದರಿಕೆ ಇಮ್ಮಡಿಯಾಗುತ್ತಿತ್ತು.

ಪ್ರಿಯರೇ, ಅಗಲಿದವರಿಗಾಗಿ ತಪ್ಪದೆ ಪ್ರಾರ್ಥಿಸೋಣ. ಆದರೆ ಗಾಳಿ ಮಾಡಿದ್ದನ್ನು ಅವರ ತಲೆಗೆ ಕಟ್ಟುವುದು ಬೇಡ. ಮನೆಯಲ್ಲಿ ಶಿಳ್ಳೆ ಕೇಳಿದರೆ ಮೊದಲು ಕಿಟಕಿಗೊಮ್ಮೆ ಕೈ ಇಟ್ಟು ನೋಡಿ.