ಎತ್ತು ಬೇಕೋ, ಕುದುರೆ ಬೇಕೋ?

ಅರವತ್ತು ದಾಟಿದ ಮೇಲೆ ಮನುಷ್ಯನಿಗೆ ಅಂಟಿಕೊಳ್ಳುವ ಹುಚ್ಚುಗಳಲ್ಲಿ ತೀರ್ಥಯಾತ್ರೆಯದೂ ಮನೆ ಕಟ್ಟಿಸುವುದೂ ಸಮಾಜಕ್ಕೆ ಮಾನ್ಯವಾದವು. ಹಳೆಯ ಜೀಪು ಕೊಳ್ಳುವ ಹುಚ್ಚು ಆ ಪಟ್ಟಿಯಲ್ಲಿಲ್ಲ. ಆದ್ದರಿಂದ, ನಿವೃತ್ತಿಯ ಹಣದಲ್ಲಿ ನಾಲ್ಕು ಚಕ್ರಗಳೂ ಎಳೆಯುವ ಜೀಪೊಂದನ್ನು ಕೊಳ್ಳುವೆನೆಂದು ನಾನು ಸಾರಿದ ದಿನ, ನನ್ನ ಸಹಧರ್ಮಿಣಿ ಕಾಫಿಯ ಲೋಟವನ್ನು ಸ್ವಲ್ಪ ಜೋರಾಗಿಯೇ ಮೇಜಿನ ಮೇಲೆ ಇಟ್ಟಳು. ಆ ಹಣದಲ್ಲಿ ಒಂದು ಜೊತೆ ಬಂಗಾರದ ಬಳೆಯ ಭಾಗವೂ ಸೇರಿತ್ತೆಂಬುದನ್ನು ವಾಚಕರು ಗಮನಿಸಬೇಕು.

ಹುಚ್ಚಿಗೆ ಕಾರಣವಿಲ್ಲದೆ ಇರಲಿಲ್ಲ. ಯಲಬುರ್ಗಾ ತಾಲೂಕಿನ ನಮ್ಮ ಹಳ್ಳಿಯ ತೋಟದ ಮನೆಯಲ್ಲಿ ನನ್ನ ಅವ್ವ ಇದ್ದಾಳೆ, ವಯಸ್ಸು ಎಂಬತ್ತೈದು. ಕೊಪ್ಪಳಕ್ಕೆ ಬಾ ಎಂದರೆ, “ಇಲ್ಲಿ ನನ್ನ ಎಮ್ಮಿ ಯಾರು ನೋಡ್ತಾರ?” ಎಂದು ಕೇಳುತ್ತಾಳೆ. ಡಾಂಬರು ರಸ್ತೆ ಮುಗಿದ ಮೇಲೆ ಅಲ್ಲಿಗೆ ಮೂರು ಕಿಲೋಮೀಟರು ಎರೆಭೂಮಿಯ ಬಂಡಿದಾರಿ. ಬೇಸಗೆಯಲ್ಲಿ ಕಾಲು ಹೋಗುವಷ್ಟು ಬಿರುಕು ಬಿಡುವ ಆ ನೆಲ, ಒಂದು ಹದ ಮಳೆಯಾದೊಡನೆ ಹಿಟ್ಟಿನ ಮುದ್ದೆಯಾಗಿ ಚಕ್ರಕ್ಕೆ ಅಂಟಿಕೊಳ್ಳುತ್ತದೆ. ಮೂರು ವರ್ಷಗಳ ಹಿಂದೆ ಸೆಪ್ಟೆಂಬರಿನ ಒಂದು ರಾತ್ರಿ ಅವ್ವನಿಗೆ ಜ್ವರ ಏರಿತು. ಬಾಡಿಗೆ ಕಾರಿನವನು ಡಾಂಬರಿನ ಅಂಚಿನಲ್ಲಿಯೇ ನಿಂತುಬಿಟ್ಟ, ಅವನದು ತಪ್ಪಲ್ಲ. ನೆರೆಹೊಲದವರ ಟ್ರ್ಯಾಕ್ಟರಿನ ಟ್ರಾಲಿಯಲ್ಲಿ, ಗೋಣಿಚೀಲಗಳ ಮೇಲೆ ಮಲಗಿಸಿ, ಮಳೆಯಲ್ಲಿ ತಾಡಪತ್ರಿ ಹಿಡಿದುಕೊಂಡು ಅವಳನ್ನು ತಂದೆವು. ಅಂದು ತಾಡಪತ್ರಿಯ ಒಂದು ತುದಿ ನನ್ನ ಕೈಯಲ್ಲಿತ್ತು. ಜೀಪಿನ ಹುಚ್ಚು ಹತ್ತಿದ್ದು ಆಗಲೇ.

ನನ್ನ ತಲೆಮಾರಿನವರಿಗೆ ಜೀಪು ಎಂದರೆ ಸರ್ಕಾರವೇ. ಎರಡನೆಯ ಮಹಾಯುದ್ಧಕ್ಕಾಗಿ ಅಮೆರಿಕದಲ್ಲಿ ಹುಟ್ಟಿದ ಈ ಬಂಡಿಯನ್ನು 1947ರಿಂದ ಮಹೀಂದ್ರ ಕಂಪನಿ ನಮ್ಮ ದೇಶದಲ್ಲಿ ಜೋಡಿಸತೊಡಗಿತು. ಮುಂದೆ ಅದು ತಹಶೀಲ್ದಾರರನ್ನೂ ಬಿ.ಡಿ.ಓ. ಸಾಹೇಬರನ್ನೂ ಹೊತ್ತುಕೊಂಡು ನಮ್ಮೂರಿಗೆ ಬರುತ್ತಿದ್ದಾಗ, ನಾವು ಹುಡುಗರು ಅದರ ಧೂಳಿನಲ್ಲಿ ಓಡುವುದನ್ನೇ ಭಾಗ್ಯವೆಂದು ತಿಳಿದಿದ್ದೆವು. ಆ ಧೂಳಿನೊಳಗೆ ಎಂಜಿನ್ನೆಂಬುದೊಂದು ಇರುತ್ತದೆಂದೂ ಅದರಲ್ಲಿ ಜಾತಿಭೇದಗಳಿವೆಯೆಂದೂ ಆಗ ಯಾರಿಗೆ ಗೊತ್ತಿತ್ತು?

ಗೊತ್ತಿದ್ದವನೊಬ್ಬ ಸಿಕ್ಕ. ಅವನು ನನ್ನ ಹಳೆಯ ವಿದ್ಯಾರ್ಥಿ. ಗಣಿತದಲ್ಲಿ ಎರಡು ಸಲ ನಪಾಸಾದವನು. ಅಂಕಪಟ್ಟಿಗೆ ಸಹಿ ಮಾಡಿದ ಗಣಿತದ ಮಾಸ್ತರ ನಾನೇ. ಈಗ ಕೊಪ್ಪಳದಲ್ಲಿ ಟ್ರ್ಯಾಕ್ಟರು, ಜೀಪುಗಳ ಮೇಸ್ತ್ರಿ. ನನ್ನ ಅಹವಾಲನ್ನು ಕೇಳಿದ ಮೇಲೆ ಕೈಯ ಎಣ್ಣೆಯನ್ನು ಒರೆಸಿಕೊಳ್ಳುತ್ತ, “ಸರ, ಬಣ್ಣ ಯಾರರ ಹಚ್ಚತಾರ. ಮೊದಲು ಎಂಜಿನ್ ಯಾವುದು ಬೇಕು ಅಂತ ನಿಶ್ಚಯ ಮಾಡ್ರಿ. ಎತ್ತು ಬೇಕೋ, ಕುದುರಿ ಬೇಕೋ?” ಎಂದ. ಅಂದಿನಿಂದ ಅವನು ಗುರು, ನಾನು ಶಿಷ್ಯ.

ಮೊದಲು ಕಂಡದ್ದು ಕೊಪ್ಪಳದಲ್ಲಿಯೇ, ಪೆಟ್ರೋಲಿನ ಜೀಪು. ‘ಹರಿಕೇನ್’ ಎಂಬ ಹೆಸರಿನ, 2.2 ಲೀಟರಿನ ಹಳೆಯ ಎಂಜಿನ್ನು. ಹೊಲಿಗೆಯ ಯಂತ್ರದಂತೆ ಮೃದುವಾದ ಸದ್ದು. ನಾನು ಮರುಳಾದೆ. ಮೇಸ್ತ್ರಿ ಮರುಳಾಗಲಿಲ್ಲ. ಅದರ ಹೊಟ್ಟೆ ದೊಡ್ಡದು. ಲೀಟರಿಗೆ ಎಂಟು ಕಿಲೋಮೀಟರು ಬಂದರೆ ಪುಣ್ಯವೆಂದು ಮಾಲೀಕರೇ ಒಪ್ಪಿಕೊಂಡರು. ಅದಲ್ಲದೆ ಈಗ ಬಂಕುಗಳಲ್ಲಿ ದೊರೆಯುವ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತರಷ್ಟು ಎಥೆನಾಲ್ ಬೆರೆತಿರುತ್ತದೆ. ಅದು ತೇವವನ್ನು ಹೀರಿಕೊಳ್ಳುವ ವಸ್ತು. ಹಳೆಯ ಕಾರ್ಬುರೇಟರಿನ ರಬ್ಬರುಗಳಿಗೂ ಕೊಳವೆಗಳಿಗೂ ಒಗ್ಗದು. ವಾರಕ್ಕೊಮ್ಮೆ ಹೊರಡುವ ನಮ್ಮಂಥವರ ಜೀಪು ನಿಂತಲ್ಲಿಯೇ ಕೆಡುತ್ತದೆ. “ಮನೀ ಮುಂದ ನಿಲ್ಲಿಸಿ ನೋಡಾಕ ಛಲೋ, ಸರ” ಎಂದು ಅವನು ತೀರ್ಪುಕೊಟ್ಟ.

ಎರಡನೆಯದು ಗಂಗಾವತಿಯಲ್ಲಿ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಂಡು ಹಸಿರಾದ ಭತ್ತದ ಗದ್ದೆಗಳ ನಡುವೆ, ಅದಕ್ಕಿಂತ ಹೆಚ್ಚು ಹಸಿರಾದ ಜೀಪು ಹೊಸ ಬಣ್ಣದಲ್ಲಿ ನಿಂತಿತ್ತು. ಒಳಗಿದ್ದದ್ದು ಪ್ಯೂಜೋ ಡೀಸೆಲ್ ಎಂಜಿನ್ನು, 2112 ಸಿ.ಸಿ.; ಫ್ರಾನ್ಸ್ ದೇಶದ ವಿನ್ಯಾಸ, 1980ರ ದಶಕದ ಮಹೀಂದ್ರ ಜೀಪುಗಳಲ್ಲಿ ಹೆಸರು ಪಡೆದದ್ದು. ಕೀಲಿ ತಿರುಗಿಸಿದೊಡನೆ ಹೊತ್ತಿಕೊಂಡಿತು. ರಸ್ತೆಯ ಮೇಲೆ ಕುದುರೆಯಂತೆ ಓಡಿತು. ಬೆಲೆಯೂ ನಾನು ಲೆಕ್ಕಹಾಕಿದ್ದಕ್ಕಿಂತ ಐವತ್ತು ಸಾವಿರ ಕಡಿಮೆ! ಮುಂಗಡ ಕೊಡಲು ನನ್ನ ಕೈ ಜೇಬಿಗೆ ಹೋಗಿತ್ತು. ಮೇಸ್ತ್ರಿ ಸುಮ್ಮನೆ ಬಾನೆಟ್ಟಿನ ಮೇಲೆ ಅಂಗೈ ಊರಿ ನನ್ನತ್ತ ನೋಡಿದ. ನಾವು ಬರುವ ಮೊದಲೇ ಯಾರೋ ಅದನ್ನು ಓಡಿಸಿ ಬಿಸಿಮಾಡಿ ಇಟ್ಟಿದ್ದರು.

“ಬಿಸಿ ಇದ್ದಾಗ ಎಲ್ಲಾ ಎಂಜಿನ್ನೂ ಶಾಣ್ಯಾ ಇರತಾವ್ರಿ ಸರ. ತಣ್ಣಗಿದ್ದಾಗ ಅದರ ಗುಣ ತಿಳೀತೈತಿ” ಎಂದು ಅವನು ಮೆಲ್ಲನೆ ಹೇಳಿ, ಎಣ್ಣೆ ಹೊಯ್ಯುವ ಮುಚ್ಚಳವನ್ನು ತೆಗೆದ. ಒಳಗಿನಿಂದ ಚಿಲುಮೆ ಸೇದುವ ಅಜ್ಜನಂತೆ ಬುಸುಬುಸು ಹೊಗೆ ಬಂತು. ಪಿಸ್ಟನ್ನಿನ ಉಂಗುರಗಳು ಸವೆದರೆ, ಮೇಲೆ ದುಡಿಯಬೇಕಾದ ಒತ್ತಡ ಹೀಗೆ ಕೆಳಕ್ಕೆ ಸೋರುತ್ತದೆಯಂತೆ. ಆಮೇಲೆ ನೋಂದಣಿ ಪತ್ರವನ್ನು ಕೇಳಿದೆವು. ಅದರಲ್ಲಿ ಇಂಧನವೆಂಬ ಸಾಲಿನ ಮುಂದೆ ‘ಪೆಟ್ರೋಲ್’ ಎಂದಿತ್ತು! ಪೆಟ್ರೋಲಿನ ಎಂಜಿನ್ನು ಇಳಿಸಿ ಡೀಸೆಲಿನದನ್ನು ಕೂರಿಸಿದ್ದರು. ಸಾರಿಗೆ ಕಚೇರಿಯ ಒಪ್ಪಿಗೆ ಇರಲಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ ಇಂಥ ಬದಲಾವಣೆ ಪತ್ರದಲ್ಲಿ ಏರಬೇಕು. ಏರದಿದ್ದರೆ ನೋಂದಣಿಯ ನವೀಕರಣಕ್ಕೂ ತೊಡಕು, ಅಪಘಾತವಾದಾಗ ವಿಮೆಗೂ ತೊಡಕು. ಹದಿನೈದು ವರ್ಷ ದಾಟಿದ ಸ್ವಂತ ವಾಹನವನ್ನು ಐದೈದು ವರ್ಷಕ್ಕೊಮ್ಮೆ ಪರೀಕ್ಷೆಗೆ ಒಪ್ಪಿಸಬೇಕಾಗುವುದರಿಂದ, ಈ ತೊಡಕು ಮುಂದೆಂದೋ ಬರುವಂಥದಲ್ಲ. ನನ್ನ ಕೈ ಜೇಬಿನಿಂದ ಬರಿದಾಗಿಯೇ ಹೊರಬಂತು.

ಕನಕಗಿರಿಯ ಮೇಲೆ ತಾವರಗೇರೆಯ ದಾರಿ ಹಿಡಿದೆವು. ‘ಕಾಲಿದ್ದವರು ಹಂಪೆ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು’ ಎಂಬ ಗಾದೆಯನ್ನು ನಾನು ನೆನಪಿಸಿದಾಗ, “ಮೂಗಿದ್ದವರು ಸೈಲೆನ್ಸರ್ ನೋಡಬೇಕ್ರಿ” ಎಂದು ಮೇಸ್ತ್ರಿ ಸೇರಿಸಿ, ದಾರಿಯುದ್ದಕ್ಕೂ ಹೊಗೆಯ ವ್ಯಾಕರಣವನ್ನು ಬೋಧಿಸಿದ. ನೀಲಿ ಹೊಗೆ ಬಂದರೆ ಎಂಜಿನ್ನು ತನ್ನ ಎಣ್ಣೆಯನ್ನು ತಾನೇ ಕುಡಿಯುತ್ತಿದೆ. ಕಪ್ಪಾದರೆ ಡೀಸೆಲು ಹೆಚ್ಚು ಅಥವಾ ಗಾಳಿ ಕಡಿಮೆ. ಬಿಸಿಯಾದ ಮೇಲೂ ಬಿಳಿಯ ಹೊಗೆ ನಿಲ್ಲದಿದ್ದರೆ ಒಳಗೆ ನೀರು ಸೇರಿರಬಹುದು. ಎಣ್ಣೆಯ ಕಡ್ಡಿಗೆ ಹಾಲು ಬೆರೆಸಿದ ಚಹದ ಬಣ್ಣ ಹತ್ತಿದ್ದರೆ ಮಾತೇ ಬೇಡ, ಮನೆಗೆ ಹಿಂದಿರುಗುವುದು.

ಕುಷ್ಟಗಿಯಲ್ಲಿ ದಾಳಿಂಬೆ ಬೆಳೆಯುವ ರೈತರೊಬ್ಬರ ಜೀಪಿತ್ತು. ನಾವು ಬರುವತನಕ ಅದನ್ನು ಚಾಲೂ ಮಾಡಬಾರದೆಂದು ಫೋನಿನಲ್ಲಿಯೇ ಬೇಡಿಕೊಂಡು, ರಾತ್ರಿ ಅಲ್ಲಿಯೇ ತಂಗಿ, ಮುಂಜಾನೆ ಆರಕ್ಕೆ ಹೋದೆವು. ಬಣ್ಣ ಮಾಸಿದ, ಅಲ್ಲಲ್ಲಿ ತಗ್ಗುಬಿದ್ದ ಬಂಡಿ. ಎಂಜಿನ್ನು ಮಹೀಂದ್ರದ ಡಿ.ಐ., 2523 ಸಿ.ಸಿ. ತಣ್ಣಗಿನ ಯಂತ್ರ ಎರಡು ಸುತ್ತು ಗೊಣಗಿ, ಒಂದು ಬುಗ್ಗೆ ಹೊಗೆ ಉಗುಳಿ, ಮೈಯೆಲ್ಲ ನಡುಗಿಸುತ್ತ ಎದ್ದುನಿಂತಿತು. ಆ ಸದ್ದಿಗೆ ಹುಣಸೆಮರದ ಕಾಗೆಗಳೆಲ್ಲ ಹಾರಿಹೋದವು. ಎರಡು ನಿಮಿಷದಲ್ಲಿ ಹೊಗೆ ತಿಳಿಯಾಯಿತು.

“ಇದು ಎತ್ತು” ಎಂದ ಮೇಸ್ತ್ರಿ. ನೆಲದ ಮೇಲೆ ಕಡ್ಡಿಯಿಂದ ಲೆಕ್ಕ ಬರೆದ. ಪ್ಯೂಜೋದ ಸಿಲಿಂಡರಿನ ಅಗಲ 90 ಮಿಲಿಮೀಟರು, ಪಿಸ್ಟನ್ ಏರಿಳಿಯುವ ದೂರ 83. ಇದರ ಅಗಲ 88.9, ಏರಿಳಿಯುವ ದೂರ 101.6. ಬಾವಿಯ ರಾಟೆಗೆ ಉದ್ದ ಹಿಡಿಕೆ ಇದ್ದಂತೆ. ನಿಧಾನವಾಗಿ ತಿರುಗಿದರೂ ಭಾರ ಎಳೆಯುತ್ತದೆ. ಎರೆಯ ಕೆಸರಿನಲ್ಲಿ ಬೇಕಾದದ್ದೇ ಅದು. ಅಲ್ಲಿ ಚಕ್ರ ರಭಸದಿಂದ ತಿರುಗಿದಷ್ಟೂ ಗುಂಡಿ ತೋಡಿಕೊಳ್ಳುತ್ತದೆ. ಈ ಎಂಜಿನ್ನಿನ ವಂಶವೂ ಹೊಲದ್ದೇ. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಟ್ರ್ಯಾಕ್ಟರುಗಳ ಕುಲದಿಂದ ಬಂದದ್ದು. ಆ ಕಂಪನಿಯೊಡನೆ ಸೇರಿ 1963ರಲ್ಲಿ ಮಹೀಂದ್ರದವರು ಇಲ್ಲಿ ಟ್ರ್ಯಾಕ್ಟರು ಆರಂಭಿಸಿದ್ದರು. ಆದ್ದರಿಂದ ಯಲಬುರ್ಗಾದ ಟ್ರ್ಯಾಕ್ಟರ್ ಮೇಸ್ತ್ರಿಯೂ ಇದರ ನಾಡಿ ಬಲ್ಲ. ಬಿಡಿಭಾಗಕ್ಕೆ ಬೆಂಗಳೂರಿನ ಕಡೆ ಮುಖಮಾಡಬೇಕಿಲ್ಲ. ಪ್ಯೂಜೋ ಕುದುರೆ ಜಾಣನೇ, ಆದರೆ ಅದರ ಲಾಳ ಸಿಗುವುದು ವರ್ಷವರ್ಷಕ್ಕೆ ದುರ್ಲಭವಾಗುತ್ತಿದೆ. ನಪಾಸಾದ ಹುಡುಗನ ಲೆಕ್ಕದಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ.

ಮುಂದಿನ ಅಚ್ಚಿಗೂ ಎಂಜಿನ್ನಿನ ಬಲ ಹೋಗುತ್ತದೆಯೇ ಎಂಬುದನ್ನು ಉತ್ತ ಹೊಲದಲ್ಲಿ ಇಳಿಸಿಯೇ ನೋಡಿದೆವು. ನೋಡಲು ಒಂದೇ ತೆರನಾದ ಎಷ್ಟೋ ಜೀಪುಗಳಲ್ಲಿ ಹಿಂದಿನ ಎರಡೇ ಚಕ್ರಗಳು ಎಳೆಯುತ್ತವೆ. ಕ್ಲಚ್ಚು ಜಾರುತ್ತಿದೆ, ಎಣ್ಣೆ ಒಂದೆಡೆ ಜಿನುಗುತ್ತದೆ ಎಂದು ರೈತರು ತಾವಾಗಿಯೇ ಹೇಳಿದರು. ಆ ಮಾತಿನಿಂದಲೇ ನನಗೆ ಅರ್ಧ ಧೈರ್ಯ ಬಂತು. ಪತ್ರದ ಸಂಖ್ಯೆಯೂ ಎಂಜಿನ್ನಿನ ಸಂಖ್ಯೆಯೂ ಹೊಂದಿದವು. ವ್ಯಾಪಾರ ಮುಗಿಯಿತು.

ಮನೆಯ ಮುಂದೆ ಜೀಪು ನಿಂತಾಗ ನನ್ನಾಕೆ ಸುತ್ತಲೂ ಒಂದು ಪ್ರದಕ್ಷಿಣೆ ಬಂದಳು. ನಾನು ಅಗಲ, ದೂರಗಳ ವಿವರಣೆ ಆರಂಭಿಸಿದೆ. ಅವಳು ಅದನ್ನು ತಡೆದು, “ಎಂಜಿನ್ ಯಾವುದರ ಇರವಲ್ದ್ಯಾಕ, ಅತ್ತಿಯವರು ಹತ್ತಾಕ ಮೆಟ್ಟಿಲೆಲ್ಲೈತ್ರಿ?” ಎಂದು ಕೇಳಿದಳು.

ನಾವಿಬ್ಬರು ಪಂಡಿತರೂ ಮುಖಮುಖ ನೋಡಿಕೊಂಡೆವು. ಮೂರು ಊರು ತಿರುಗಿ, ಹೊಗೆಯ ಬಣ್ಣ ಓದಿ, ಪಿಸ್ಟನ್ನಿನ ದೂರ ಅಳೆದಿದ್ದೆವು. ಎಂಬತ್ತೈದರ ಮೊಣಕಾಲು ಎಷ್ಟು ಎತ್ತರಕ್ಕೆ ಏಳುತ್ತದೆಂದು ಅಳೆದಿರಲಿಲ್ಲ. ಮರುದಿನವೇ ಮೇಸ್ತ್ರಿ ಕಬ್ಬಿಣದ ಮೆಟ್ಟಿಲೊಂದನ್ನು ಬೆಸೆದು, ಅದಕ್ಕೆ ಹಣ ಮುಟ್ಟಲಿಲ್ಲ.

ಕಳೆದ ಸೆಪ್ಟೆಂಬರಿನಲ್ಲಿ ಮಳೆ ಹಿಡಿದ ಒಂದು ಸಂಜೆ, ಎತ್ತು ಆ ಮೂರು ಕಿಲೋಮೀಟರನ್ನು ಗೊಣಗುತ್ತಲೇ ದಾಟಿತು. ಅವ್ವ ಬಾಗಿಲಲ್ಲಿ ನಿಂತಿದ್ದಳು; ಆರೋಗ್ಯವಾಗಿಯೇ ಇದ್ದಳು. ಮೆಟ್ಟಿಲ ಮೇಲೆ ಕಾಲಿಟ್ಟು, ಸೊಸೆಯ ಭುಜ ಹಿಡಿದು ಹತ್ತಿ ಕುಳಿತಳು. “ಕೊಪ್ಪಳಕ್ಕ ಹೋಗೋಣೇನವ್ವ?” ಎಂದೆ.

“ಕೊಪ್ಪಳ ಇರಲಿ. ಮಳಿ ಬಂದಾಗ ಆ ಕಡೀ ಹೊಲ ನೋಡಿ ಹತ್ತು ವರ್ಷಾತು. ಅಲ್ಲಿಗೆ ನಡಿ” ಎಂದಳು.